ಕಿಟಕಿ ಬದಲಾಯಿಸುವ ಮುಂಚೆ ನೀರು ಎಲ್ಲಿ ಕೂತಿದೆ ನೋಡಿ

ಸಾಗರದವರು ಅಂತ ಓದಿ ಖುಷಿಯಾಯಿತು, ನಾನು ತೀರ್ಥಹಳ್ಳಿ ಕಡೆಯವನು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಹಳೇ ಇಟ್ಟಿಗೆ ಮನೆ ಕೊಂಡಿದ್ದೀರಿ, ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ನೀರು ಇಳಿಯುತ್ತಿರುತ್ತದೆ, ಕಿಟಕಿ ಮಾರುವವನು ಬಂದು ಎಲ್ಲಾ ತೆಗೆಸಿ ಹೊಸದು ಹಾಕಿಸಿ ಅಂದಿದ್ದಾನೆ, ಡಿಸೆಂಬರಿಗೆ ಅಪ್ಪ ಅಮ್ಮ ಬೇರೆ ಬರುತ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಸಹಿ ಹಾಕಬೇಡಿ ಮಾರಾಯ್ರೇ. 'ಇವತ್ತು ಮಾತ್ರ ಈ ರೇಟು' ಅಂದವರ ರೇಟು ಮುಂದಿನ ತಿಂಗಳೂ ಅಷ್ಟೇ ಇರುತ್ತದೆ.

ನೀರು ಗಾಜಿನ ಒಳಮೈ ಮೇಲಿದ್ದರೆ ಅದು ಮನೆಯೊಳಗಿನ ತೇವ. ಅಡುಗೆಯ ಹಬೆ, ಸ್ನಾನದ ಹಬೆ, ಕೋಣೆ ಬಿಸಿ ಮಾಡುವ ರೇಡಿಯೇಟರ್ ಮೇಲೆ ಹರವಿದ ಬಟ್ಟೆ, ಎಲ್ಲಾ ಹೋಗಿ ತಣ್ಣಗಿನ ಗಾಜಿಗೆ ಅಂಟುತ್ತದೆ. ಊರಲ್ಲಿ ಆಷಾಢದಲ್ಲಿ ಬೀರುವಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದಲ್ಲ, ಇಲ್ಲಿ ಅದು ಜನವರಿಯಲ್ಲಿ ಕಿಟಕಿ ಮೂಲೆಗೆ ಹಿಡಿಯುತ್ತದೆ. ಅಲ್ಲಿ ಹಂಚಿನ ಸಂದಿನಲ್ಲಾದರೂ ಗಾಳಿ ಆಡುತ್ತಿತ್ತು, ಇಲ್ಲಿ ಥಂಡಿ ಅಂತ ಎಲ್ಲಾ ಮುಚ್ಚಿಕೊಂಡು ಕೂರುತ್ತೇವೆ. ಅಡುಗೆಮನೆ, ಬಚ್ಚಲಿನ ಫ್ಯಾನ್ ಹಾಕಿ. ಅದಿಲ್ಲದೆ ಹೊಸ ಕಿಟಕಿ ಹಾಕಿಸಿದರೆ ಬೂಷ್ಟು ಗೋಡೆಗೆ ಹೋಗುತ್ತದೆ, ಅಷ್ಟೇ.

ಡಬಲ್ ಗ್ಲೇಜಿಂಗ್ ಇರುವ ಕಿಟಕಿಯಲ್ಲಿ ಎರಡು ಗಾಜಿನ ಮಧ್ಯೆ ಮಸುಕಾಗಿದ್ದರೆ ಸೀಲ್ ಹೋಗಿದೆ. ಚೌಕಟ್ಟು ಗಟ್ಟಿ ಇದ್ದರೆ ಗಾಜಿನ ಜೋಡಿ ಮಾತ್ರ ಬದಲಾಯಿಸಬಹುದು, ಖರ್ಚು ಎಷ್ಟೋ ಕಡಿಮೆ. ಮಾರುವವರು ತಾವಾಗಿ ಇದನ್ನು ಹೇಳಲ್ಲ. ಹೊರಮೈ ಮೇಲೆ ಬೆಳಿಗ್ಗೆ ಮಂಜು ಕೂತರೆ ಚಿಂತೆ ಬೇಡ, ಒಳಗಿನ ಬಿಸಿ ಹೊರಗಿನ ಗಾಜಿನವರೆಗೆ ಹೋಗುತ್ತಿಲ್ಲ ಅಂತ ಅರ್ಥ.

ಆಮೇಲೆ ಗಾಳಿ ಜೋರಾಗಿರುವ ದಿನ ಪರದೆ ಸರಿಸಿ, ಊದುಬತ್ತಿ ಹಚ್ಚಿ ಚೌಕಟ್ಟಿನ ಅಂಚಿಗೆ ಹಿಡಿದು ನಿಧಾನವಾಗಿ ಸುತ್ತ ಒಯ್ಯಿರಿ. ಹೊಗೆ ನೆಟ್ಟಗೆ ಏಳುವುದು ಬಿಟ್ಟು ಪಕ್ಕಕ್ಕೆ ಸೆಳೆದ ಕಡೆ ಸಂದು ಇದೆ. (ಸ್ಮೋಕ್ ಅಲಾರಂ ಕೂಗಿದರೆ ಗಾಬರಿಯಾಗಬೇಡಿ, ಗಣಪತಿ ಹಬ್ಬಕ್ಕೂ ಕೂಗುತ್ತದೆ.) ಅಲ್ಲಿಗೆ ರಬ್ಬರ್ ಪಟ್ಟಿ ಸಾಕು. ಅಟ್ಟಕ್ಕೂ ಒಮ್ಮೆ ಹತ್ತಿ ನೋಡಿ, ಬಿಸಿ ಹೊರಗೆ ಹೋಗದಂತೆ ಹಾಸಿರುವ ಇನ್ಸುಲೇಷನ್ 270 ಮಿಲಿಮೀಟರ್ ದಪ್ಪ ಇಲ್ಲದಿದ್ದರೆ ಕಿಟಕಿಗಿಂತ ಮುಂಚೆ ದುಡ್ಡು ಅಲ್ಲಿಗೆ ಹಾಕಿ. ಕೆಲಸದವರಿಂದ ಹಾಕಿಸಿದರೆ ಪಟ್ಟಿಗೂ ಅಟ್ಟಕ್ಕೂ 2027ರ ಮಾರ್ಚ್ ಕೊನೆಯವರೆಗೆ ವ್ಯಾಟ್ ಸೊನ್ನೆ. ಹೊಸ ಕಿಟಕಿಗೆ ಮಾತ್ರ ಪೂರ್ತಿ 20 ಪರ್ಸೆಂಟ್ ಕಟ್ಟಬೇಕು, ಇದ್ಯಾವ ನ್ಯಾಯವೋ.

ಇಷ್ಟಾದ ಮೇಲೂ ಬದಲಾಯಿಸಲೇಬೇಕು ಅನಿಸಿದರೆ ಯು-ವ್ಯಾಲ್ಯೂ, ಅಂದರೆ ಕಿಟಕಿಯಿಂದ ಎಷ್ಟು ಬಿಸಿ ಸೋರುತ್ತದೆ ಅನ್ನುವ ಅಂಕಿ, ಕೇಳಿ. ಕಡಿಮೆ ಇದ್ದಷ್ಟು ಒಳ್ಳೆಯದು. ಹಳೇ ಒಂಟಿ ಗಾಜಿಗೆ ಸುಮಾರು 5 ಇರುತ್ತದೆ, ಒಳಗೆ ಆರ್ಗಾನ್ ಅನಿಲ ತುಂಬಿದ, ಬಿಸಿಯನ್ನು ಒಳಕ್ಕೇ ತಿರುಗಿಸುವ ಲೋ-ಇ ಲೇಪನದ ಹೊಸ ಜೋಡಿ ಗಾಜಿಗೆ 1.4ರ ಆಸುಪಾಸು. ನಿಮ್ಮ ಬೀದಿ ಕನ್ಸರ್ವೇಶನ್ ಏರಿಯಾದಲ್ಲಿ (ಹಳೇ ಕಟ್ಟಡಗಳ ರೂಪ ಕಾಪಾಡಲು ಗುರುತಿಸಿದ ಜಾಗ) ಇದೆಯಾ ಅಂತ ಕೌನ್ಸಿಲ್‌ನಲ್ಲಿ ಮೊದಲೇ ವಿಚಾರಿಸಿ. ಕೆಲಸ ಮುಗಿದ ಮೇಲೆ ಕಿಟಕಿ ನಿಯಮದ ಪ್ರಕಾರ ಹಾಕಿದ್ದಾರೆ ಅನ್ನುವ ಫೆನ್ಸಾ ಥರದ ಸರ್ಟಿಫಿಕೇಟ್ ಇಸಿದುಕೊಳ್ಳಿ, ಮನೆ ಮಾರುವಾಗ ವಕೀಲರು ಅದನ್ನೇ ಕೇಳುತ್ತಾರೆ.

ಡಿಸೆಂಬರಿಗೆ ಅಪ್ಪ ಅಮ್ಮನ ಕೋಣೆಗೆ ಇಷ್ಟು ಮಾಡಿ. ಕಿಟಕಿ ಚೌಕಟ್ಟಿಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿ ಹೇರ್ ಡ್ರೈಯರ್‌ನಲ್ಲಿ ಬಿಗಿ ಮಾಡುವ ಕಿಟ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಅದರ ಮುಂದೆ ದಪ್ಪ ಪರದೆ. ಪರದೆ ಕಿಟಕಿ ಕಟ್ಟೆಯವರೆಗೆ ಸಾಕು, ರೇಡಿಯೇಟರ್ ಮೇಲೆ ಇಳಿಬಿಟ್ಟರೆ ಬಿಸಿಯೆಲ್ಲಾ ಪರದೆ ಹಿಂದೆಯೇ ಉಳಿಯುತ್ತದೆ.