ಚೆಕ್ಕು ಯಾರ ಹೆಸರಿಗೆ?

ಟೆಕ್ಸಾಸಿನಲ್ಲಿ ಅಡುಗೆಮನೆ ಸಾಮಾನುಗಳ ನೇರ ಮಾರಾಟ ಆರಂಭಿಸಿರುವ ನೀವು, ಶಾಲೆ ಮತ್ತು ಡೇಕೇರ್‌ಗಳಲ್ಲಿ ಫಂಡ್‌ರೈಸರ್ (ಪೋಷಕರಿಗೆ ಮಾಲು ಮಾರಿ, ಬಂದದ್ದರಲ್ಲಿ ಒಂದು ಪಾಲನ್ನು ಸಂಸ್ಥೆಗೆ ಕೊಡುವ ನಿಧಿಸಂಗ್ರಹ) ನಡೆಸಲು ಇಮೇಲ್ ಕಳುಹಿಸುವುದು ಒಳ್ಳೆಯದೋ ಖುದ್ದಾಗಿ ಹೋಗುವುದು ಒಳ್ಳೆಯದೋ, ಮಾರಾಟದಲ್ಲಿ ಶೇಕಡಾ ಎಷ್ಟು ಬಿಟ್ಟುಕೊಡುತ್ತೇನೆಂದರೆ ಒಪ್ಪುತ್ತಾರೆ ಎಂದು ಕೇಳಿದ್ದೀರಿ. 2017ರ ಆಗಸ್ಟಿನಲ್ಲಿ ಇದೇ ಎರಡು ಪ್ರಶ್ನೆಗಳನ್ನು ನಾನು ನನ್ನ ಅಪ್‌ಲೈನ್‌ನಲ್ಲಿದ್ದ (ಮಾರಾಟದ ಸರಪಳಿಯಲ್ಲಿ ನನಗಿಂತ ಮೇಲಿನ ಹಂತದ) ಮಹಿಳೆಗೆ ಕೇಳಿದ್ದೆ. ‘ಶೇಕಡಾ 40 ಅನ್ನಿ, ಯಾರೂ ಬೇಡ ಅನ್ನುವುದಿಲ್ಲ’ ಎಂದಿದ್ದರು. ಅವರ ಮಾತು ನಿಜವಾಯಿತು, ಯಾರೂ ಬೇಡ ಅನ್ನಲಿಲ್ಲ. ನಾನು ಕೆಟ್ಟಿದ್ದು ಒಪ್ಪಿಗೆ ಸಿಕ್ಕಿದ ಮೇಲೆ.

ಆಗ ನಾವು ಡಲ್ಲಾಸಿನ ಉತ್ತರಕ್ಕಿರುವ ಉಪನಗರವೊಂದರಲ್ಲಿದ್ದೆವು. ಎಚ್-4 ವೀಸಾದ (ಇಲ್ಲಿ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಸಿಗುವ ವೀಸಾ) ಮೇಲೆ ಬಂದು ನಾಲ್ಕು ವರ್ಷ ಮನೆಯಲ್ಲೇ ಕಳೆದಿದ್ದ ನನಗೆ, 2015ರ ಮೇ 26ರಂದು ಜಾರಿಗೆ ಬಂದ ನಿಯಮದಿಂದಾಗಿ ಮರುವರ್ಷ ಇಎಡಿ (ಕೆಲಸದ ಪರವಾನಗಿ) ಸಿಕ್ಕಿತು, ಸಿಕ್ಕಿದ ತಿಂಗಳಲ್ಲೇ ಡಬ್ಬಿ, ಜಾಡಿಗಳನ್ನು ಮಾರುವ ಕಂಪನಿಯೊಂದಕ್ಕೆ ಸೇರಿಕೊಂಡೆ. (ನೀವೂ ಎಚ್-4ರಲ್ಲಿದ್ದು ಇಎಡಿ ಇಲ್ಲವೆಂದಾದರೆ ಮುಂದೆ ಓದುವ ಅಗತ್ಯವೇ ಇಲ್ಲ. ಕಮಿಷನ್ ಬರುವ ಮಾರಾಟವೂ ಕೆಲಸವೇ, ‘ಹವ್ಯಾಸಕ್ಕೆ ಮಾಡುತ್ತಿದ್ದೇನೆ’ ಎಂಬ ಸಮಜಾಯಿಷಿ ನಡೆಯುವುದಿಲ್ಲ.) ಒಂದು ವರ್ಷದೊಳಗೆ ಪರಿಚಯದ ಮನೆಗಳೆಲ್ಲ ಮುಗಿದವು. ಸತ್ಯನಾರಾಯಣ ಪೂಜೆಗೆ ಕರೆದವರು ‘ಪ್ರಸಾದಕ್ಕೆ ಬನ್ನಿ, ಕ್ಯಾಟಲಾಗ್ ಮಾತ್ರ ತರಬೇಡಿ’ ಎಂದು ನಗುತ್ತಲೇ ಹೇಳುವ ಹಂತಕ್ಕೆ ಬಂದಾಗ ನನಗೆ ಶಾಲೆಗಳ ನೆನಪಾಯಿತು. ನಿಮಗೂ ಹಾಗೆಯೇ ಆಗಿರಬಹುದೆಂದು ನನ್ನ ಊಹೆ.

ಮೊದಲು ಹೋಗಿದ್ದು ಒಂದು ಚರ್ಚಿನ ಆಶ್ರಯದಲ್ಲಿ ನಡೆಯುತ್ತಿದ್ದ, ಅರವತ್ತರ ಆಸುಪಾಸು ಮಕ್ಕಳಿದ್ದ ಡೇಕೇರ್‌ಗೆ. ಬೆಳಿಗ್ಗೆ ಎಂಟು ಗಂಟೆಗೆ, ತಾಯಂದಿರೆಲ್ಲ ಮಕ್ಕಳನ್ನು ಬಿಡಲು ಬರುವ ಹೊತ್ತಿಗೆ, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ಕ್ಯಾಟಲಾಗ್ ಹಿಡಿದು ನಿಂತೆ. ಕೇಂದ್ರದ ನಿರ್ದೇಶಕಿ ಎಡಗೈಯಲ್ಲಿ ಅಳುವ ಕೂಸನ್ನು ಎತ್ತಿಕೊಂಡು ಬಲಗೈಯಲ್ಲಿ ಫೋನ್ ಹಿಡಿದು, ಆ ದಿನ ಬಾರದ ಶಿಕ್ಷಕಿಯ ಬದಲಿಗೆ ಯಾರನ್ನೋ ಹುಡುಕುತ್ತಿದ್ದರು. ಟೆಕ್ಸಾಸಿನ ನಿಯಮದ ಪ್ರಕಾರ ಒಂದು ವರ್ಷ ತುಂಬದ 4 ಕೂಸುಗಳಿಗೆ ಒಬ್ಬ ಆರೈಕೆದಾರರು ಇರಲೇಬೇಕು. ಒಬ್ಬರು ರಜೆ ಹಾಕಿದರೆ ನಿರ್ದೇಶಕಿಯೇ ಕೊಠಡಿಯೊಳಗೆ ಹೋಗಿ ಕೂರಬೇಕಾಗುತ್ತದೆ. ಇದೆಲ್ಲ ನನಗಾಗ ತಿಳಿದಿರಲಿಲ್ಲ. ‘ಮಕ್ಕಳು ಮಲಗಿರುವಾಗ ಬನ್ನಿ’ ಎಂದಷ್ಟೇ ಹೇಳಿ ಅವರು ಒಳಗೆ ಹೋದರು. ಮಧ್ಯಾಹ್ನ ಒಂದರ ಸುಮಾರಿಗೆ ಮತ್ತೆ ಹೋದಾಗ ಅದೇ ಮಹಿಳೆ ಶಾಂತವಾಗಿ ಕುಳಿತು ಮುಕ್ಕಾಲು ಗಂಟೆ ಮಾತನಾಡಿದರು. ಆಟದ ಅಂಗಳಕ್ಕೆ ನೆರಳಿನ ಹೊದಿಕೆ ಇಲ್ಲದೆ, ಬಿಸಿಲಿಗೆ ಕಾದ ಜಾರುಬಂಡೆಯ ಮೇಲೆ ಮಕ್ಕಳನ್ನು ಬಿಡಲಾಗದೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹತ್ತು ಗಂಟೆಯ ನಂತರ ಎಲ್ಲರನ್ನೂ ಒಳಗೇ ಕೂರಿಸಬೇಕಾಗಿದೆ ಎಂದು ಅವರೇ ಹೇಳಿದರು. ನಾನು ಕೇಳಿರಲಿಲ್ಲ. ನಾನು ಶೇಕಡಾ 40ರ ಬಗ್ಗೆ ಮಾತನಾಡಲು ಕಾಯುತ್ತಿದ್ದೆ.

ಇನ್ನು ನನ್ನ ತಪ್ಪಿನ ವಿಷಯ. ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಇದು ನೋಡಲು ತಪ್ಪಿನಂತೆ ಕಾಣುವುದೇ ಇಲ್ಲ.

ಕಂಪನಿ ಕೊಟ್ಟ ಆರ್ಡರ್ ಫಾರ್ಮಿನ ಕೆಳಭಾಗದಲ್ಲಿ, ಚೆಕ್ಕನ್ನು ಯಾರ ಹೆಸರಿಗೆ ಬರೆಯಬೇಕೆಂದು ತುಂಬಿಸಲು ಒಂದು ಖಾಲಿ ಸಾಲಿತ್ತು. ಇಡೀ ಆರ್ಡರನ್ನು ಒಟ್ಟಿಗೆ ಸೇರಿಸಿ ಕಂಪನಿಗೆ ಕಳುಹಿಸುವವಳು ನಾನು, ಅದಕ್ಕೆ ದುಡ್ಡು ಹೋಗುವುದು ನನ್ನ ಕ್ರೆಡಿಟ್ ಕಾರ್ಡಿನಿಂದ, ಹಾಗಿರುವಾಗ ಪೋಷಕರ ಚೆಕ್ಕುಗಳು ನನ್ನ ಹೆಸರಿಗೇ ಬರುವುದು ಸರಿಯೆಂದು ಯೋಚಿಸಿ ಆ ಸಾಲಿನಲ್ಲಿ ನನ್ನ ಹೆಸರು ಬರೆದು ಎಪ್ಪತ್ತು ಪ್ರತಿ ತೆಗೆಸಿದೆ. ನಿರ್ದೇಶಕಿ ಫಾರ್ಮನ್ನು ಕಣ್ಣಾಡಿಸಿ ಒಪ್ಪಿದರು. ಅವರಿಗೂ ಅದು ಕಣ್ಣಿಗೆ ಬೀಳಲಿಲ್ಲ. ಅಕ್ಟೋಬರ್ 2ರಂದು ಫಾರ್ಮುಗಳು ಮಕ್ಕಳ ಚೀಲದಲ್ಲಿ ಮನೆಗೆ ಹೋದವು, 16ರಂದು ಮರಳಿದವು. ಒಟ್ಟು 34 ಆರ್ಡರ್, 1,640 ಡಾಲರ್ ಮಾಲು, ಅದರ ಮೇಲೆ ಶೇಕಡಾ 8.25ರ ಮಾರಾಟ ತೆರಿಗೆ. ಕೇಂದ್ರಕ್ಕೆ ಸೇರಬೇಕಾದದ್ದು 656 ಡಾಲರ್. ಮೊದಲ ಪ್ರಯತ್ನಕ್ಕೆ ಇದು ಕಡಿಮೆಯಲ್ಲ.

ಚೆಕ್ಕುಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೇ ಫೋನಿನಲ್ಲಿ ಫೋಟೋ ತೆಗೆದು, ನಮ್ಮ ಜಂಟಿ ಖಾತೆಗೆ ಜಮಾ ಮಾಡಿದೆ. ಸಂಬಳ ಬಿಟ್ಟರೆ ಬೇರೇನೂ ಬಾರದ ಖಾತೆಗೆ ಒಂದೇ ಸಂಜೆ ಇಪ್ಪತ್ತೊಂಬತ್ತು ಅಪರಿಚಿತರ ಚೆಕ್ಕುಗಳು ಬಂದರೆ ಬ್ಯಾಂಕು ಏನು ಮಾಡುತ್ತದೆ? ಹಣವನ್ನು ತಡೆಹಿಡಿಯಿತು. ಅದು ಬಿಡುಗಡೆಯಾಗುವ ಹೊತ್ತಿಗೆ ಎರಡು ಚೆಕ್ಕು ಬೌನ್ಸ್ ಆಗಿ, ತಲಾ 12 ಡಾಲರ್ ದಂಡ ನನ್ನ ಮೇಲೆ ಬಿತ್ತು. ಚೆಕ್ಕು ಕೊಟ್ಟ ಇಬ್ಬರಿಗೆ ನಾನು ಫೋನ್ ಮಾಡಿ ಕೇಳಬೇಕಾಯಿತು. ಡೇಕೇರ್ ಕೇಳಿದರೆ ಅದು ನೆನಪೋಲೆ, ಗುರುತಿಲ್ಲದ ಹೆಂಗಸು ಕೇಳಿದರೆ ಸಾಲ ವಸೂಲಿ. ನವೆಂಬರ್ ಮೊದಲ ವಾರ ಪೆಟ್ಟಿಗೆಗಳು ಬಂದವು. ಗ್ಯಾರೇಜಿನ ನೆಲದ ಮೇಲೆ ಮಧ್ಯರಾತ್ರಿಯವರೆಗೂ ಕುಳಿತು, ಹೆಸರು ಬರೆದ ಕಂದು ಚೀಲಗಳಿಗೆ ಡಬ್ಬಿ ಹಂಚುವಾಗ, ಮೂರು ಜಾಡಿಗಳ ಸೆಟ್ ದಾಸ್ತಾನಿಲ್ಲವೆಂದು ಏಳು ಮನೆಗಳ ಪಾಲಿನದು ಬಂದಿಲ್ಲವೆಂದು ತಿಳಿಯಿತು. ಡಿಸೆಂಬರಿನಲ್ಲಿ ಬರುತ್ತದೆ ಎಂದರು ಕಂಪನಿಯವರು. ಲೆಕ್ಕ ಪೂರ್ತಿಯಾದ ಮೇಲೆ ಕೇಂದ್ರಕ್ಕೆ 656 ಡಾಲರನ್ನು ಒಟ್ಟಿಗೆ ಕೊಟ್ಟರಾಯಿತೆಂದು ನಾನು ಸುಮ್ಮನಾದೆ.

ನನ್ನ ಲೆಕ್ಕದಲ್ಲಿ ಒಂದು ಸೆಂಟೂ ಹೆಚ್ಚುಕಡಿಮೆ ಇರಲಿಲ್ಲ. ಆದರೆ ಹೊರಗಿನಿಂದ ನೋಡುವವರಿಗೆ ಕಂಡದ್ದೇ ಬೇರೆ: ಮಕ್ಕಳ ನೆರಳಿಗೆಂದು ಕೊಟ್ಟ ದುಡ್ಡು ಐದು ವಾರಗಳಿಂದ ಒಬ್ಬ ಮಾರಾಟಗಾರ್ತಿಯ ಮನೆಯ ಖಾತೆಯಲ್ಲಿದೆ, ಕೇಂದ್ರಕ್ಕೆ ಬಿಡಿಗಾಸೂ ಬಂದಿಲ್ಲ, ಜಾಡಿಯೂ ಬಂದಿಲ್ಲ. ಏಳು ಮನೆಗಳಲ್ಲಿ ಒಬ್ಬರು ನೇರವಾಗಿ ಚರ್ಚಿನ ಖಜಾಂಚಿಯನ್ನು ಕೇಳಿದರು. ನಿವೃತ್ತ ಅಕೌಂಟೆಂಟರಾಗಿದ್ದ ಆ ಹಿರಿಯರು ನನಗೆ ಫೋನ್ ಮಾಡಿ, ಒಂದು ಮಾತೂ ಗಡುಸಾಗಿ ಆಡದೆ, ಸಂಸ್ಥೆಯ ಹೆಸರಿನಲ್ಲಿ ಎತ್ತಿದ ಹಣ ಸಂಸ್ಥೆಯ ಪುಸ್ತಕವನ್ನು ಮುಟ್ಟದೆ ಖಾಸಗಿ ಖಾತೆಗೆ ಹೋದದ್ದು ಹೇಗೆಂದು ಕೇಳಿದರು. ಅಂದೇ ಚೆಕ್ಕು ಬರೆದುಕೊಂಡು ಓಡಿದೆ. ಪ್ರತಿ ಆರ್ಡರಿನ ವಿವರವೂ ಪ್ರತಿ ಚೆಕ್ಕಿನ ಪ್ರತಿಯೂ ಬರುವ ತನಕ ಅದನ್ನು ಸ್ವೀಕರಿಸುವುದಿಲ್ಲ ಎಂದರು. ಮೂಲ ಚೆಕ್ಕುಗಳನ್ನು ಜಮಾ ಆದ ಮೇಲೆ ನಾನು ಹರಿದು ಹಾಕಿದ್ದೆ. ಬ್ಯಾಂಕಿನ ಆ್ಯಪ್‌ನಿಂದ ಇಪ್ಪತ್ತೊಂಬತ್ತು ಚಿತ್ರಗಳನ್ನು ಒಂದೊಂದಾಗಿ ಇಳಿಸಿ ಮುದ್ರಿಸಲು ಎರಡು ದಿನ ಹಿಡಿಯಿತು. ಹಣ ಕೊನೆಗೆ ಸೇರಿತು. ಆದರೆ ವಸಂತದಲ್ಲಿ ಮಾಡೋಣವೆಂದಿದ್ದ ಎರಡನೆಯ ಫಂಡ್‌ರೈಸರ್ ರದ್ದಾಯಿತು, ಆ ನಿರ್ದೇಶಕಿ ನನ್ನ ಹೆಸರು ಹೇಳಿ ಮಾತನಾಡಿಸಿದ್ದ ಇನ್ನೆರಡು ಕೇಂದ್ರಗಳವರು ನನ್ನ ಕರೆಗಳಿಗೆ ಉತ್ತರಿಸಲಿಲ್ಲ. ನೂರು ಡಾಲರೂ ಇಲ್ಲದ ನನ್ನ ಕಮಿಷನ್ನಿನಲ್ಲಿ ದಂಡ ಕಳೆದು ಉಳಿದದ್ದನ್ನು ಎಣಿಸಲು ನನಗೆ ಮನಸ್ಸಾಗಲಿಲ್ಲ.

ನನಗೆ ಹೆಚ್ಚು ನಾಚಿಕೆಯಾದದ್ದು, ಈ ಪಾಠ ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು ಎಂಬುದಕ್ಕೆ. ಹಾಸನದ ಶಾಲೆಯಲ್ಲಿ ಡಿಸೆಂಬರ್ 7ರ ಧ್ವಜ ದಿನಕ್ಕೆ ಪುಟ್ಟ ಧ್ವಜಗಳನ್ನೂ ಆಮೇಲೆ ಕ್ಷಯರೋಗ ನಿವಾರಣೆಯ ಸೀಲುಗಳನ್ನೂ ನಮ್ಮ ಕೈಗೆ ಕೊಟ್ಟು ಮಾರಿಸುತ್ತಿದ್ದರು. ಸಂಜೆ ಮಾರಿದ ದುಡ್ಡನ್ನು ಮೇಷ್ಟರ ಮೇಜಿನ ಮೇಲಿನ ತಗಡಿನ ಡಬ್ಬಿಗೆ ಹಾಕಿ, ಉಳಿದ ಸೀಲನ್ನು ಎಣಿಸಿ ಹಿಂತಿರುಗಿಸಿ, ಪುಸ್ತಕದಲ್ಲಿ ಸಹಿ ಹಾಕಬೇಕಿತ್ತು. ‘ನಾಳೆ ತರುತ್ತೇನೆ ಸಾರ್’ ಎಂದವರಿಗೆ ಬೆತ್ತದ ರುಚಿ ತಪ್ಪುತ್ತಿರಲಿಲ್ಲ.

ಸರಿಯಾದ ದಾರಿ ಇದು. ಚೆಕ್ಕುಗಳೆಲ್ಲ ಶಾಲೆಯ, ಕೇಂದ್ರದ ಅಥವಾ ಪಿಟಿಎಯ (ಪೋಷಕ-ಶಿಕ್ಷಕರ ಸಂಘ) ಹೆಸರಿಗೆ ಬರಲಿ. ಅವರೇ ಜಮಾ ಮಾಡಿಕೊಳ್ಳಲಿ. ಹಣ ಖಾತೆಗೆ ಬಂದ ಮೇಲೆ, ತಮ್ಮ ಪಾಲನ್ನು ಉಳಿಸಿಕೊಂಡು, ಮಾಲಿನ ಬೆಲೆ ಮತ್ತು ತೆರಿಗೆಗೆ ಒಂದೇ ಒಂದು ಚೆಕ್ಕನ್ನು ನಿಮಗೋ ಕಂಪನಿಗೋ ಕೊಡಲಿ, ಅದು ಕೈಗೆ ಬಂದ ಮೇಲೆಯೇ ಆರ್ಡರ್ ಕಳುಹಿಸಿ. ನನ್ನ ಲೆಕ್ಕದಲ್ಲಾದರೆ ಕೇಂದ್ರಕ್ಕೆ ಅದರ 656 ಡಾಲರ್ ಅಕ್ಟೋಬರಿನಲ್ಲೇ ಸಿಕ್ಕಿರುತ್ತಿತ್ತು, ಡಿಸೆಂಬರಿಗೆ ಬರುವ ಜಾಡಿ ಕೇವಲ ಜಾಡಿಯ ತಕರಾರಾಗಿ ಉಳಿಯುತ್ತಿತ್ತು. ದಾಸ್ತಾನಿಲ್ಲದ ಮಾಲಿಗೆ ಬದಲಿ ಕೊಡುತ್ತೀರೋ ಹಣ ವಾಪಸು ಕೊಡುತ್ತೀರೋ ಎಂಬುದನ್ನೂ ಫಾರ್ಮಿನಲ್ಲೇ ಬರೆಯಿರಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಆದರೆ ಶೇಕಡಾ ಎಷ್ಟು ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಶಾಲೆಯೂ ಶೇಕಡಾ 5 ಹೆಚ್ಚು ಎಂಬ ಕಾರಣಕ್ಕೆ ನಿಮ್ಮನ್ನು ಆರಿಸುವುದಿಲ್ಲ. ಅವರಿಗೆ ಎಷ್ಟು ಕೆಲಸ ಕಡಿಮೆಯಾಗುತ್ತದೆ, ಹಣ ಯಾವುದಕ್ಕೆ ಬೇಕಾಗಿದೆ ಎಂಬುದೇ ಮುಖ್ಯ. ಮೊದಲ ಭೇಟಿಗೆ ಕ್ಯಾಟಲಾಗ್ ಒಯ್ಯಲೇಬೇಡಿ. ‘ಈ ವರ್ಷ ನಿಮಗೆ ಏನು ಬೇಕಾಗಿದೆ’ ಎಂದು ಕೇಳಿ, ಅವರು ಹೇಳುವುದನ್ನು ಬರೆದುಕೊಳ್ಳಿ. ಲಾಭಕ್ಕಾಗಿ ನಡೆಯುವ ಡೇಕೇರ್‌ಗಳನ್ನು ನಾನಾಗಿದ್ದರೆ ಬಿಟ್ಟೇಬಿಡುತ್ತೇನೆ. ತಿಂಗಳು ತಿಂಗಳು ದೊಡ್ಡ ಶುಲ್ಕ ತೆರುವ ಪೋಷಕರ ಮುಂದೆ ಮತ್ತೊಂದು ಫಾರ್ಮು ಇಟ್ಟರೆ ಅವರು ಸಿಡುಕುವುದು ನ್ಯಾಯವೇ. ಹಲವು ಶಾಖೆಗಳಿರುವ ದೊಡ್ಡ ಸಂಸ್ಥೆಯಾದರೆ ಅಲ್ಲಿಯ ನಿರ್ದೇಶಕಿ ಒಪ್ಪಿದರೂ ಮುಖ್ಯ ಕಚೇರಿಯ ಒಪ್ಪಿಗೆ ಬೇಕಾಗಬಹುದು, ಅದನ್ನು ಮೊದಲೇ ಕೇಳಿಕೊಳ್ಳಿ. ಇನ್ನು, ಫಂಡ್‌ರೈಸರ್ ನೆಪದಲ್ಲಿ ಪೋಷಕರ ಫೋನ್ ನಂಬರ್ ಪಡೆದು ಡೌನ್‌ಲೈನ್ (ನಿಮ್ಮ ಕೈಕೆಳಗೆ ಮಾರುವವರ ಸಾಲು) ಕಟ್ಟುವ ಆಲೋಚನೆ ನಿಮಗಿದ್ದರೆ ದಯವಿಟ್ಟು ಶಾಲೆಗಳ ತಂಟೆಗೆ ಹೋಗಬೇಡಿ. ಹಾಗೆ ಮಾಡಿದವರಿಂದಾಗಿಯೇ ನಮ್ಮಂಥವರಿಗೆ ಬಾಗಿಲು ಮುಚ್ಚುವುದು.

ಸರ್ಕಾರಿ ಶಾಲೆಗಳ ದಾರಿ ಬೇರೆ. ಅಲ್ಲಿ ಶಿಕ್ಷಕಿಯ ಒಪ್ಪಿಗೆಗೆ ಬೆಲೆಯಿಲ್ಲ. ನೀವು ನೋಡಬೇಕಾದದ್ದು ಪಿಟಿಎ ಅಥವಾ ಪಿಟಿಒ (ಪೋಷಕ-ಶಿಕ್ಷಕರದೇ ಇನ್ನೊಂದು ಬಗೆಯ ಸಂಘಟನೆ) ಪದಾಧಿಕಾರಿಗಳನ್ನು, ಮೇಲಿಂದ ಪ್ರಾಂಶುಪಾಲರ ಸಹಿಯನ್ನು. ಇಲ್ಲಿ ಶಾಲೆ ಆಗಸ್ಟಿನಲ್ಲೇ ತೆರೆಯುವುದರಿಂದ, ಶರತ್ಕಾಲದಲ್ಲಿ ಏನು ಮಾರಬೇಕೆಂಬುದು ಬಹುತೇಕ ಹಿಂದಿನ ವಸಂತದಲ್ಲೇ ತೀರ್ಮಾನವಾಗಿರುತ್ತದೆ. ಸೆಪ್ಟೆಂಬರಿನಲ್ಲಿ ಹೋದವರು ಮುಂದಿನ ವರ್ಷಕ್ಕೆ ಹೋದಂತೆ. ಪಿಟಿಎಗಳಲ್ಲಿ ‘ಮೂರಕ್ಕೆ ಒಂದು’ ಎಂಬ ನಿಯಮವೂ ಇದೆ: ಹಣ ಎತ್ತುವ ಒಂದು ಕಾರ್ಯಕ್ರಮಕ್ಕೆ ಪ್ರತಿಯಾಗಿ ಹಣದ ಮಾತಿಲ್ಲದ ಮೂರಾದರೂ ಕಾರ್ಯಕ್ರಮ ನಡೆಸಬೇಕು. ಅವರು ನಿಮ್ಮನ್ನು ಬೇಡವೆಂದರೆ ನಿಮ್ಮ ಡಬ್ಬಿ ಕೆಟ್ಟದೆಂದಲ್ಲ, ಅವರ ವರ್ಷದಲ್ಲಿ ಜಾಗ ಉಳಿದಿಲ್ಲವೆಂದು.

ತೆರಿಗೆಯ ಬಗ್ಗೆ ಒಂದು ಮಾತು. ಟೆಕ್ಸಾಸಿನಲ್ಲಿ ಶಾಲೆಗಳಿಗೂ ಅರ್ಹ ಸಂಸ್ಥೆಗಳಿಗೂ ವರ್ಷಕ್ಕೆ ಎರಡು ಸಲ, ತಲಾ ಒಂದು ದಿನ, ತೆರಿಗೆಯಿಲ್ಲದೆ ಮಾರುವ ಅವಕಾಶವಿದೆ. ಸಂಸ್ಥೆಯೇ ಮಾರಾಟಗಾರನಾಗಿದ್ದರೆ ಮಾತ್ರ ಅದು ಅನ್ವಯಿಸುವುದರಿಂದ, ಕಂಪನಿಯ ಪರವಾಗಿ ಆರ್ಡರ್ ಹಿಡಿಯುವ ನಿಮ್ಮ ಬಗೆಯ ಮಾರಾಟಕ್ಕೆ ತೆರಿಗೆಯಿಲ್ಲ ಎಂದು ಯಾರಿಗೂ ಮಾತು ಕೊಡಬೇಡಿ. ಇಮೇಲೋ ಖುದ್ದೋ ಎಂಬುದಕ್ಕೆ: ಡೇಕೇರ್‌ಗೆ ಮಧ್ಯಾಹ್ನ ಒಂದರಿಂದ ಎರಡರೊಳಗೆ ಖುದ್ದಾಗಿ ಹೋಗಿ, ಪಿಟಿಎಗೆ ಫೆಬ್ರವರಿ, ಮಾರ್ಚಿನಲ್ಲಿ ಐದಾರು ಸಾಲಿನ ಇಮೇಲ್ ಬರೆಯಿರಿ. ಒಪ್ಪಿಗೆ ಸಿಕ್ಕಿದ ಮೇಲೆ, ಫಾರ್ಮು ಮುದ್ರಿಸುವ ಮೊದಲು, ಖಜಾಂಚಿಯಿಂದ ಅವರ ಬ್ಯಾಂಕ್ ಖಾತೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆಸಿಕೊಳ್ಳಿ. ಪಿಟಿಎಯ ಖಾತೆ ಶಾಲೆಯ ಹೆಸರಿನಲ್ಲಿ ಇರುವುದಿಲ್ಲ, ಶಾಲೆಯ ಹೆಸರಿಗೆ ಬರೆದ ಚೆಕ್ಕುಗಳ ಕಟ್ಟನ್ನು ಹಿಡಿದು ಖಜಾಂಚಿ ಬ್ಯಾಂಕಿನಿಂದ ವಾಪಸು ಬಂದರೆ ಅದಕ್ಕೂ ನಿಮ್ಮನ್ನೇ ಕೇಳುತ್ತಾರೆ.