ತುಳಸಿ ಗೌಡ ಅರಣ್ಯ ಇಲಾಖೆಯಲ್ಲಿ ನಿಜಕ್ಕೂ ಮಾಡುತ್ತಿದ್ದ ಕೆಲಸವೇನು? ಬರೀ ಗಿಡ ನೆಡುವುದೇ?

ನೆಡುವುದು ಕೊನೆಯ ಹಂತ. ಅವರ ನಿಜವಾದ ಕಸುಬು ಬೀಜದ್ದು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ಹಾಲಕ್ಕಿ ಒಕ್ಕಲಿಗ ಮನೆತನದವರು. ಶಾಲೆಯ ಮುಖ ನೋಡಿದವರಲ್ಲ. ಚಿಕ್ಕಂದಿನಲ್ಲೇ ಅಮ್ಮನ ಜೊತೆ ಇಲಾಖೆಯ ನರ್ಸರಿಗೆ ಕೂಲಿಗೆ ಹೋದರು. ಮೂರು ದಶಕಕ್ಕೂ ಮೇಲೆ ದಿನಗೂಲಿಯಲ್ಲೇ ಕಳೆದ ಮೇಲೆ ನೌಕರಿ ಕಾಯಂ ಆಯಿತು. (ಇಷ್ಟು ತಡ ಯಾಕೆ ಅನ್ನುವುದು ಬೇರೆಯೇ ಪ್ರಶ್ನೆ.)

ಕಾಡಿನ ಬೀಜ ಅಂಗಡಿಯ ಸರಕಲ್ಲ. ತೇಗದ ಕಾಯಿಯ ಸಿಪ್ಪೆ ಗಟ್ಟಿ, ನೀರಲ್ಲಿ ನೆನೆಸಿ ಬಿಸಿಲಿಗೆ ಹಾಕಿ, ಮತ್ತೆ ನೆನೆಸಿ ಮೆತ್ತಗೆ ಮಾಡಬೇಕು. ಹೆಬ್ಬಲಸಿನದು ತದ್ವಿರುದ್ಧ: ಒಣಗಿದರೆ ಸತ್ತೇಹೋಯಿತು, ಹಣ್ಣು ಬಿದ್ದ ಕೆಲವೇ ದಿನಗಳಲ್ಲಿ ಮಡಿಗೆ ಹಾಕಬೇಕು. ಯಾವ ಮರ ಯಾವಾಗ ಹಣ್ಣಾಗುತ್ತದೆ, ಬೀಜ ತೆಗೆಯಲು ಯಾವ ತಾಯಿಮರ ಒಳ್ಳೆಯದು ಎಂಬುದು ತುಳಸಿಯವರಿಗೆ ಕಣ್ಣಳತೆಯಲ್ಲೇ ಗೊತ್ತಿತ್ತು. ನೀಲಗಿರಿ, ಅಕೇಶಿಯಾ ಬೆಳೆಸಲು ಇಷ್ಟು ತಿಳಿವಳಿಕೆ ಬೇಕಿಲ್ಲ. ನಾಡಮರಗಳಿಗೆ ಬೇಕು, ಅದಕ್ಕೇ ಅಧಿಕಾರಿಗಳೂ ಅವರನ್ನು ಕೇಳುತ್ತಿದ್ದರು.

ಸಾವಿರಾರು, ಲಕ್ಷಾಂತರ ಗಿಡ ಅಂತ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ನನಗೆ ಆ ಸಂಖ್ಯೆಗಿಂತ ಈ ಬೀಜಜ್ಞಾನವೇ ದೊಡ್ಡದು.

1986ರಲ್ಲಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. ಪದ್ಮಶ್ರೀ ಸ್ವೀಕರಿಸಿದ್ದು 2021ರ ನವೆಂಬರಿನಲ್ಲಿ, ಹಾಲಕ್ಕಿಯವರ ಉಡುಗೆಯಲ್ಲಿ, ಬರಿಗಾಲಲ್ಲಿ. 2024ರ ಡಿಸೆಂಬರಿನಲ್ಲಿ ಹೊನ್ನಳ್ಳಿಯಲ್ಲೇ ತೀರಿಕೊಂಡರು.