ಕಪ್ಪಾದ ಗರುಡ, ಹಸಿರಾದ ನವರಂಗ: ಎಡಿಟಿಂಗ್‌ನಲ್ಲಿ ಎಷ್ಟು ಸರಿಮಾಡಬಹುದು?

ಎರಡು ಹಕ್ಕಿ ಫೋಟೋ ಕಳಿಸಿ, ಎಡಿಟಿಂಗ್‌ನಲ್ಲಿ ಸರಿಮಾಡುವುದು ಹೇಗೆ ಎಂದು ಕೇಳಿದ್ದೀರಿ. ಎರಡರ ತೊಂದರೆ ಒಂದೇ ಅಲ್ಲ. ಮಲ್ಪೆ ಬಂದರಿನಲ್ಲಿ ಸಂಜೆ ತೆಗೆದ ಗರುಡ ಬೆಳ್ಳನೆಯ ಆಕಾಶದೆದುರು ಕಪ್ಪಾಗಿದೆ. ಅಡಿಕೆ ತೋಟದೊಳಗಿನ ನವರಂಗಕ್ಕೆ ಹಸಿರು ಬಳಿದಂತಾಗಿದೆ, ಜೊತೆಗೆ ನಾಯ್ಸ್, ಅಂದರೆ ಕಾಳುಕಾಳಾದ ಚುಕ್ಕೆಗಳು. ನೀವು ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಎರಡಕ್ಕೂ ಕತ್ತಲೆ ಭಾಗವನ್ನು ಬೆಳಗಿಸುವ ಶ್ಯಾಡೋ ಸ್ಲೈಡರನ್ನು ಪೂರ್ತಿ ಎಳೆದಿದ್ದೀರಿ. ಕೆಟ್ಟದ್ದು ಅಲ್ಲೇ.

ಮೊದಲು ಫೈಲ್ ಯಾವುದು ನೋಡಿಕೊಳ್ಳಿ. ಜೆಪೆಗ್ ಆದರೆ ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ. 14 ಬಿಟ್‌ನ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಫೈಲ್) 16,384. ಜೆಪೆಗ್‌ನಲ್ಲಿ ಕತ್ತಲೆ ಭಾಗವನ್ನು ಎಬ್ಬಿಸಿದರೆ ಬಣ್ಣ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಮುಂದೆ ಹೇಳುವುದೆಲ್ಲ ರಾ ಫೈಲಿಗೆ ಮಾತ್ರ.

ಗರುಡದ ವಿಷಯ. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸಮುದ್ರದ ಕಡೆಗೆ. ಸಂಜೆ ಪಶ್ಚಿಮಕ್ಕೆ ಲೆನ್ಸ್ ತಿರುಗಿಸಿದರೆ ಬೆಳಕೆಲ್ಲ ಹಕ್ಕಿಯ ಬೆನ್ನ ಹಿಂದೆ. ಕ್ಯಾಮೆರಾ ಆಕಾಶಕ್ಕೆ ಅಳತೆ ಮಾಡಿಕೊಂಡು ಹಕ್ಕಿಯನ್ನು ಕತ್ತಲಿಗೆ ತಳ್ಳುತ್ತದೆ. ಸ್ಥಳದಲ್ಲೇ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಕ್ಯಾಮೆರಾದ ಅಳತೆಗಿಂತ ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) +1ರಿಂದ +1.7ರವರೆಗೆ ಏರಿಸಿದ್ದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಅದೇ ಬಂದರಿನಲ್ಲಿ ಬೆಳಿಗ್ಗೆ ಪೂರ್ವಕ್ಕೆ ಬೆನ್ನು ಹಾಕಿ ನಿಂತರೆ ಇಷ್ಟು ಪಾಡೇ ಇಲ್ಲ. ಹಕ್ಕಿ ಒದ್ದೆ ಮರಳಿನ ಮೇಲೆ ತಗ್ಗಿನಲ್ಲಿ ಹಾರುವಾಗ ಕಾಯ್ದು ತೆಗೆದರೂ ಆದೀತು, ಕೆಳಗಿನಿಂದ ಪುಟಿಯುವ ಬೆಳಕು ರೆಕ್ಕೆಯ ಅಡಿಭಾಗಕ್ಕೆ ಬೀಳುತ್ತದೆ.

ಈಗಾಗಲೇ ತೆಗೆದ ಫೋಟೋಗೆ ಹೀಗೆ ಮಾಡಿ. ಇಡೀ ಚಿತ್ರದ ಶ್ಯಾಡೋ ಮುಟ್ಟಬೇಡಿ. ಹೈಲೈಟ್ಸ್ (ಬೆಳ್ಳನೆಯ ಭಾಗ) -40ರಷ್ಟು ಇಳಿಸಿ, ಚಿತ್ರದ ಒಂದು ಭಾಗವನ್ನಷ್ಟೇ ತಿದ್ದಲು ಬಿಡುವ ಮಾಸ್ಕಿಂಗ್‌ನಲ್ಲಿ ಸೆಲೆಕ್ಟ್ ಸಬ್ಜೆಕ್ಟ್ ಕೊಟ್ಟು ಹಕ್ಕಿಯನ್ನಷ್ಟೇ ಆರಿಸಿ, ಅದರೊಳಗೆ ಎಕ್ಸ್‌ಪೋಷರ್ +0.7, ಶ್ಯಾಡೋಸ್ +30. ಇನ್ನೂ ಬೇಕೆನಿಸಿದರೆ +1ರವರೆಗೆ ಹೋಗಿ, ಅದರಾಚೆ ಬೇಡ. ಆಮೇಲೆ 100 ಪ್ರತಿಶತಕ್ಕೆ ಹಿಗ್ಗಿಸಿ ರೆಕ್ಕೆಯ ಅಂಚು ನೋಡಿ. ಅಂಚಿನ ಸುತ್ತ ಬೆಳ್ಳನೆಯ ಗೆರೆ ಕಂಡರೆ ಮಾಸ್ಕ್ ಆಕಾಶಕ್ಕೂ ತಾಗಿದೆ ಎಂದರ್ಥ. ಸಬ್‌ಟ್ರಾಕ್ಟ್ ಬ್ರಷ್‌ನಿಂದ ಅಷ್ಟನ್ನು ಒರೆಸಿ, ಇಲ್ಲವೇ ಎಕ್ಸ್‌ಪೋಷರನ್ನೇ ಸ್ವಲ್ಪ ಹಿಂದಕ್ಕೆ ತನ್ನಿ. ಅಂಚಿನಲ್ಲಿ ನೇರಳೆ ಬಣ್ಣ ಇದ್ದರೆ ಅದು ಲೆನ್ಸಿನ ದೋಷ, ಲೈಟ್‌ರೂಮ್‌ನ ಡಿಫ್ರಿಂಜ್ ಸ್ಲೈಡರಿನಲ್ಲಿ ಹೋಗುತ್ತದೆ.

ಗರುಡದಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ಅದರ ಬಿಳಿ ಎದೆಯ ಮೇಲೆ ಕೂದಲೆಳೆಯಂಥ ಕಪ್ಪು ಗೀರುಗಳಿರುತ್ತವೆ. ಅವು ಕಾಣುವಷ್ಟು ಹೊತ್ತು ನಿಮ್ಮ ಬಿಳಿ ಸುರಕ್ಷಿತ. ಗೀರು ಮಾಯವಾಗಿ ಎದೆ ಸುಣ್ಣದ ಗೋಡೆಯಾದರೆ ಹೆಚ್ಚಾಗಿದೆ. ವೈಟ್ಸ್ ಸ್ಲೈಡರನ್ನು ಆಲ್ಟ್ ಕೀ ಒತ್ತಿಕೊಂಡು ಎಳೆದರೆ ಎಲ್ಲಿ ವಿವರ ಸುಟ್ಟುಹೋಗಿದೆ ಎಂದು ಕಪ್ಪು ಪರದೆಯ ಮೇಲೆ ತೋರಿಸುತ್ತದೆ. ಕ್ಯಾಮೆರಾದಲ್ಲೇ ಸುಟ್ಟದ್ದನ್ನು ಯಾವ ತಂತ್ರಾಂಶವೂ ವಾಪಸ್ ತರಲಾರದು. ಇಟ್ಟಿಗೆ ಬಣ್ಣದ ರೆಕ್ಕೆಗೆ ಸ್ಯಾಚುರೇಷನ್ ಹಾಕಲೇಬೇಡಿ, ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸೂರ್ಯ ಚೌಕಟ್ಟಿನೊಳಗೇ ಇದ್ದರೆ ಹಕ್ಕಿಯನ್ನು ಬೆಳಗಿಸಲು ಹೋಗಲೇಬಾರದು. ಬ್ಲ್ಯಾಕ್ಸ್ ಇಳಿಸಿ ಪೂರ್ತಿ ಛಾಯಾಕೃತಿ ಮಾಡಿ. ಹಿಂದೆ ಸೂರ್ಯ, ಮುಂದೆ ಹಗಲಿನಂತೆ ಹೊಳೆಯುವ ಹಕ್ಕಿ ಎಂದರೆ ನೋಡುವವರಿಗೆ ತಕ್ಷಣ ಏನೋ ಸುಳ್ಳು ಎನಿಸುತ್ತದೆ.

ಇನ್ನು ನವರಂಗ. ತೋಟದೊಳಗೆ ಬೆಳಕು ಸೋಗೆಗಳನ್ನು ಹಾದು, ಎಲೆಗಳಿಂದ ಪುಟಿದು ಬರುವುದರಿಂದ ಆ ಬೆಳಕೇ ಹಸಿರು. ಬಿಳಿ ಬಿಳಿಯಾಗಿ ಕಾಣುವಂತೆ ಕ್ಯಾಮೆರಾ ತಾನೇ ಬಣ್ಣ ಸರಿಹೊಂದಿಸುವ ಆಟೋ ವೈಟ್ ಬ್ಯಾಲೆನ್ಸ್‌ಗೆ ಇದು ಅರ್ಥವಾಗುವುದಿಲ್ಲ. ವೈಟ್ ಬ್ಯಾಲೆನ್ಸ್‌ನ ಐಡ್ರಾಪರ್ ತೆಗೆದುಕೊಂಡು ಹಕ್ಕಿಯ ಬಿಳಿ ಗಂಟಲಿನ ಮೇಲೆ ಒತ್ತಿ, ಆದರೆ ಸುಟ್ಟಿರದ ಜಾಗ ಆರಿಸಿ. ಟಿಂಟ್ (ಹಸಿರು-ಮಜೆಂಟಾ ಸ್ಲೈಡರ್) ಮಜೆಂಟಾ ಕಡೆಗೆ ಸರಿಯುತ್ತದೆ. ಪೂರ್ತಿ ಸರಿದರೆ ನೆಲದ ಒಣಗಿದ ಎಲೆ ಗುಲಾಬಿಯಾಗುವುದುಂಟು, ಆಗ ಅರ್ಧ ವಾಪಸ್ ತನ್ನಿ. ಅಥವಾ ಬದಲಾವಣೆಯನ್ನು ಹಕ್ಕಿಯ ಮಾಸ್ಕಿನೊಳಗೆ ಮಾತ್ರ ಮಾಡಿ. ತೋಟದ ಹಸಿರು ತೋಟದಲ್ಲೇ ಇರಲಿ, ಹೊಟ್ಟೆಯ ತಿಳಿಕಂದು ಮತ್ತು ಬಾಲದಡಿಯ ಕೆಂಪು ಮಾತ್ರ ತಮ್ಮ ಬಣ್ಣಕ್ಕೆ ಬಂದರೆ ಸಾಕು.

ನಾಯ್ಸ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಐಎಸ್‌ಒ (ಕ್ಯಾಮೆರಾ ಚಿತ್ರವನ್ನು ಎಷ್ಟು ಬೆಳಗಿಸಬೇಕೆಂಬ ಅಂಕಿ) ಕಡಿಮೆ ಇಟ್ಟು ಕತ್ತಲಾಗಿ ತೆಗೆದರೆ ನಾಯ್ಸ್ ಕಡಿಮೆ ಎಂದು. ಐಎಸ್‌ಒ 800ರಲ್ಲಿ ಎರಡು ಸ್ಟಾಪ್ (ಅಂದರೆ ನಾಲ್ಕು ಪಟ್ಟು) ಕತ್ತಲಾಗಿ ತೆಗೆದು ಕಂಪ್ಯೂಟರಿನಲ್ಲಿ ಎತ್ತಿದರೆ ಅದು 3200ರಲ್ಲಿ ಸರಿಯಾಗಿ ತೆಗೆದದ್ದಕ್ಕಿಂತ ಚೆನ್ನಾಗಿರುವುದಿಲ್ಲ, ಕೆಲವು ಹಳೆಯ ಕ್ಯಾಮೆರಾಗಳಲ್ಲಿ ಇನ್ನೂ ಕೆಟ್ಟದಾಗಿರುತ್ತದೆ. ಹಾಗಾಗಿ ಐಎಸ್‌ಒಗೆ ಹೆದರಬೇಡಿ. ನಾಯ್ಸ್ ತೆಗೆಯುವ ಡಿನಾಯ್ಸ್ ಅನ್ನು ಮಾಸ್ಕ್ ಹಾಕುವ ಮೊದಲೇ ಮಾಡಿ, ಪ್ರಮಾಣ 30–40 ಇರಲಿ. ಹೆಚ್ಚಿಸಿದರೆ ಎದೆಯ ಗರಿ ಮೇಣ ಸವರಿದಂತೆ ನುಣುಪಾಗುತ್ತದೆ. ಶಾರ್ಪನಿಂಗ್‌ನಲ್ಲಿ ಮಾಸ್ಕಿಂಗ್ ಸ್ಲೈಡರನ್ನೂ ಆಲ್ಟ್ ಒತ್ತಿ ಎಳೆದು ಹಕ್ಕಿಯ ಅಂಚುಗಳು ಮಾತ್ರ ಬಿಳಿಯಾಗಿ ಉಳಿಯುವಂತೆ ನಿಲ್ಲಿಸಿ, ಇಲ್ಲದಿದ್ದರೆ ಹಿನ್ನೆಲೆಯ ಕಾಳೂ ಶಾರ್ಪ್ ಆಗುತ್ತದೆ. ದುಡ್ಡು ಕೊಡಲು ಮನಸ್ಸಿಲ್ಲದಿದ್ದರೆ ಡಾರ್ಕ್‌ಟೇಬಲ್ ಎಂಬ ತಂತ್ರಾಂಶ ಉಚಿತ. ಅದರ ಟೋನ್ ಈಕ್ವಲೈಜರ್ ಇಂಥ ಎದುರುಬೆಳಕಿನ ಚಿತ್ರಕ್ಕೆ ಹೇಳಿ ಮಾಡಿಸಿದ್ದು, ಕಲಿಯಲು ಮಾತ್ರ ತಾಳ್ಮೆ ಬೇಕು.

ಎಡಿಟ್ ಮಾಡುವಾಗ ಲ್ಯಾಪ್‌ಟಾಪ್ ಪರದೆಯ ಹೊಳಪು ಅರ್ಧದ ಆಸುಪಾಸಿನಲ್ಲಿರಲಿ. ಕತ್ತಲೆ ಕೋಣೆಯಲ್ಲಿ ಪೂರ್ತಿ ಹೊಳಪಿಟ್ಟು ಕೂತರೆ ಚಿತ್ರ ಬೆಳಗಿದೆ ಎಂಬ ಭ್ರಮೆ, ಪ್ರಿಂಟ್ ಹಾಕಿಸಿದಾಗ ಮಂಕು.

"ಗುಂಪಿನಲ್ಲಿ ಹಾಕಿದರೆ ಸೂಪರ್, ನೈಸ್ ಅನ್ನುತ್ತಾರೆ ಅಷ್ಟೇ" ಅಂದಿದ್ದೀರಿ. "ಹೇಗಿದೆ" ಎಂದು ಕೇಳಿದರೆ ಬರುವ ಉತ್ತರ ಅದೇ. ಮುಟ್ಟದ ಮೂಲ ಚಿತ್ರ ಮತ್ತು ಎಡಿಟ್ ಮಾಡಿದ್ದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಶಟರ್, ಅಪರ್ಚರ್, ಐಎಸ್‌ಒ ಬರೆದು, ಒಂದೇ ಪ್ರಶ್ನೆ ಕೇಳಿ: "ಗಂಟಲಿನ ಬಿಳಿ ಇನ್ನೂ ಹಸಿರಾಗಿ ಕಾಣುತ್ತಿದೆಯೇ?" ಹಕ್ಕಿಯನ್ನು ಬಲ್ಲವರೊಬ್ಬರಿಗೆ, ಎಡಿಟಿಂಗ್ ಬಲ್ಲವರೊಬ್ಬರಿಗೆ ಬೇರೆಬೇರೆಯಾಗಿ ತೋರಿಸಿ, ಮೊದಲನೆಯವರು ಬಣ್ಣ ತಪ್ಪಿದ್ದನ್ನು ಹಿಡಿಯುತ್ತಾರೆ, ಎರಡನೆಯವರು ಮಾಸ್ಕಿನ ಅಂಚನ್ನು. ಇಬ್ಬರೂ ಒಂದೇ ಜಾಗಕ್ಕೆ ಬೆರಳಿಟ್ಟರೆ ಎರಡನೇ ಮಾತಿಲ್ಲದೆ ತಿದ್ದಿ. ಒಬ್ಬರಿಗೆ ಮಾತ್ರ ಹಾಗನಿಸಿದರೆ ಒಂದು ರಾತ್ರಿ ಬಿಟ್ಟು ನೀವೇ ನೋಡಿ ತೀರ್ಮಾನಿಸಿ. ಕಳಿಸುವಾಗ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ಮಾದರಿಯಲ್ಲಿ, ಉದ್ದದ ಬದಿ 2048 ಪಿಕ್ಸೆಲ್ ಇಟ್ಟು ಎಕ್ಸ್‌ಪೋರ್ಟ್ ಮಾಡಿ, ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ. ಫೋಟೋ ಆಗಿ ಕಳಿಸಿದರೆ ಅದು ಹಿಂಡಿಬಿಡುವುದರಿಂದ ನೀವು ತೆಗೆದ ನಾಯ್ಸ್ ಯಾವುದು, ಅದು ಕೆಡಿಸಿದ್ದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.